ಎಷ್ಟು ಮಿಲಿ ಅಂತ ಕೇಳುವುದನ್ನು ಬಿಟ್ಟ ಮೇಲೆ

ನಮ್ಮ ಎನ್‌ಐಸಿಯುಗೆ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕಕ್ಕೆ, ಎರಡೂ ಎದೆಯಿಂದ ಒಟ್ಟಿಗೇ ಹಾಲು ತೆಗೆಯುವ ಮೊದಲ ಡಬಲ್ ಪಂಪ್ ಬಂದಿದ್ದು ನಾನು ಜಗಳ ಆಡಿದ್ದಕ್ಕೆ. ಆ ವರ್ಷ ಸಿಕ್ಕ ಹಣದಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಭಾಗ ಅದಕ್ಕೇ ಹೋಯಿತು. ಕಾರಿಡಾರಿನ ಕೊನೆಯ ಕೋಣೆಗೆ ಪರದೆ ಹಾಕಿ, ಮೆತ್ತನೆಯ ಕುರ್ಚಿ ಇಟ್ಟು ಕಾದೆ. ಸಿಸೇರಿಯನ್ ಹೊಲಿಗೆ ಹಿಡಿದುಕೊಂಡು ಬಾಣಂತಿ ಅಷ್ಟು ದೂರ ನಡೆದು ಬರಬೇಕು, ಸರದಿ ಕಾಯಬೇಕು. ಬಾಟಲಿಯ ತಳದಲ್ಲಿ ಮೂರು ಹನಿ ನೋಡಿ ಅತ್ತುಕೊಂಡು ಹೋದವಳು ಮತ್ತೆ ಆ ಕಡೆ ತಲೆ ಹಾಕುತ್ತಿರಲಿಲ್ಲ. "ಯಂತ್ರ ತಂದ್ರೆ ಹಾಲು ಬರುತ್ತಾ ಸಿಸ್ಟರ್?" ಅಂತ ಹಿರಿಯ ಡಾಕ್ಟರೊಬ್ಬರು ನಕ್ಕರು. ಅವರ ತಪ್ಪೇನಿಲ್ಲ ಬಿಡಿ, ಪಂಪಿನ ಮೇಲೆ ಧೂಳು ಕೂತಿದ್ದು ನನಗೂ ಕಾಣುತ್ತಿತ್ತು.

ಹಣ ಹಾಕಬೇಕಾದ ಜಾಗ ಬೇರೆಯೇ ಇತ್ತು. ಒಂದು ಯಂತ್ರವನ್ನು ಐದಾರು ಜನ ಹಂಚಿಕೊಳ್ಳಬಹುದು, ಆದರೆ ಎದೆಗೆ ಹಿಡಿಯುವ ಭಾಗ, ಕೊಳವೆ, ಬಾಟಲಿ ಸೇರಿದ ಕಿಟ್ ಒಬ್ಬೊಬ್ಬರಿಗೆ ಒಂದೊಂದು ಬೇಕೇ ಬೇಕು. ನಮ್ಮ ಹತ್ತಿರ ಇದ್ದಿದ್ದು ನಾಲ್ಕು. ತೊಳೆದು, ಕ್ರಿಮಿ ಕಳೆದು, ಒಣಗಿಸುವಷ್ಟರಲ್ಲಿ ಅರ್ಧ ದಿನ ಕಳೆದಿರುತ್ತಿತ್ತು. ಇನ್ನು ಎದೆಗೆ ಹಿಡಿಯುವ ಆಲಿಕೆ, ಅಂದರೆ ಫ್ಲ್ಯಾಂಜ್, ಇದ್ದಿದ್ದು 24 ಮತ್ತು 27 ಮಿಮೀ, ಎರಡೇ ಅಳತೆ. "ನೋವು" ಅಂದವರಿಗೆಲ್ಲ "ಅಭ್ಯಾಸ ಆಗುತ್ತಮ್ಮ" ಅನ್ನುತ್ತಿದ್ದೆ. ಕೊನೆಗೊಂದು ದಿನ ಮೊಲೆತೊಟ್ಟಿನ ಅಳತೆ ತೆಗೆಯಲು ಕೂತರೆ, ಸುಮಾರು ಜನರಿಗೆ 21 ಅಥವಾ ಅದಕ್ಕಿಂತ ಚಿಕ್ಕದು ಬೇಕಿತ್ತು! ನನಗೇ ನಾಚಿಕೆಯಾಯಿತು. ಮುಂದಿನ ವರ್ಷ ಎರಡನೇ ಪಂಪ್ ಬೇಡ ಅಂದೆ. ಆ ದುಡ್ಡಿಗೆ ಮೂವತ್ತರ ಆಸುಪಾಸು ಕಿಟ್, ಚಿಕ್ಕ ಫ್ಲ್ಯಾಂಜ್, ರಾಶಿ ರಾಶಿ 1 ಮಿಲಿ ಸಿರಿಂಜ್ ಬಂದವು. ಲೆಕ್ಕದವರಿಗೆ ನನ್ನ ತಲೆ ಕೆಟ್ಟಿದೆ ಅನ್ನಿಸಿರಬೇಕು.

ಹೆರಿಗೆಯ ನಂತರದ ಮೊದಲ ಮೂರು ದಿನ ಪಂಪನ್ನೇ ನಂಬುವುದು ಬಿಟ್ಟೆ. ಆದರೆ ಹೆರಿಗೆಯಾದ ಒಂದು ಗಂಟೆಯೊಳಗೆ, ತೀರಾ ತಡವಾದರೂ ಆರು ಗಂಟೆಯೊಳಗೆ, ನಾನೇ ಹಾಸಿಗೆಯ ಹತ್ತಿರ ಹೋಗುತ್ತೇನೆ. ಕೈಯಿಂದ ಹಿಂಡಿ ನೇರ ಸಿರಿಂಜಿಗೆ. ಪಂಪಿನಲ್ಲಾದರೆ ಗಿಣ್ಣುಹಾಲು ಕಿಟ್ಟಿಗೇ ಅಂಟಿ ಹೋಗುತ್ತದೆ. ಸಿರಿಂಜಿನಲ್ಲಿ 0.2 ಮಿಲಿ ಕೂಡ ಕಣ್ಣಿಗೆ ಕಾಣುತ್ತದೆ. ಅದನ್ನು ಆಗಲೇ ಒಯ್ದು ಮಗುವಿನ ಎರಡೂ ಕೆನ್ನೆಯ ಒಳಗೆ 0.1, 0.1 ಹಾಕಿ, ತಾಯಿಗೆ ಬಂದು ಹೇಳುತ್ತೇನೆ. ಹೇಳುವ ಮಾತು ಯಾವುದು ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ.

ಆಮೇಲೆ ಕಾರ್ಡ್. ದಿನಕ್ಕೆ ಎಂಟು ಮನೆ, ಅದರಲ್ಲೊಂದು ಕಪ್ಪು ಬಣ್ಣದ್ದು, ನಡುರಾತ್ರಿಯದು. ಹಾಲು ತೆಗೆದಾಗಲೆಲ್ಲ ಒಂದು ಗೀಟು. ಮಿಲಿ ಬರೆಯಲು ಜಾಗವನ್ನೇ ಇಟ್ಟಿಲ್ಲ. ಅದನ್ನು ನಾವು ಬೇರೆ ಬರೆದುಕೊಳ್ಳುತ್ತೇವೆ. "ಎಷ್ಟು ಬಂತು?" ಅಂತ ಕೇಳಿದರೆ ತಾಯಿ ಮುದುಡಿಹೋಗುತ್ತಾಳೆ. "ಎಷ್ಟು ಸಲ ಆಯ್ತು?" ಅಂದರೆ ಉತ್ತರ ಅವಳ ಕೈಯಲ್ಲೇ ಇರುತ್ತದೆ, ಅಲ್ವಾ? ರಾತ್ರಿ ಎಬ್ಬಿಸುವವರು ಯಾರು ಅಂತ ನಮ್ಮ ಸಿಸ್ಟರ್‌ಗಳೇ ಗೊಣಗಿದರು. ಎರಡು ವಾರ ನಾನೇ ರಾತ್ರಿ ಪಾಳಿ ಹಾಕಿಸಿಕೊಂಡೆ.

ಒಬ್ಬ ತಾಯಿಯ ನೆನಪಿದೆ. 28 ವಾರಕ್ಕೇ ಹೆರಿಗೆ, ಬಿಪಿ ಬೇರೆ ಜಾಸ್ತಿ. ಆರನೇ ದಿನ ಇಡೀ ದಿನದ್ದು ಸೇರಿಸಿದರೂ 40 ಮಿಲಿ. ಕಾರ್ಡ್ ನೋಡಿದರೆ ಐದೇ ಗೀಟು, ಕಪ್ಪು ಮನೆ ಖಾಲಿ. ಮೊದಲು ಫ್ಲ್ಯಾಂಜ್ ಬದಲಾಯಿಸಿದೆ. ಪಂಪ್ ನಡೆಯುವಾಗಲೇ ಕೈಯಿಂದ ಎದೆ ಒತ್ತಿಕೊಳ್ಳುವುದನ್ನು ಕಲಿಸಿದೆ. ಮೂರನೇ ವಾರದ ಹೊತ್ತಿಗೆ ದಿನಕ್ಕೆ 550 ಮಿಲಿಯ ಹತ್ತಿರ ಬಂದಳು. ನಕ್ಕಿದ್ದ ಡಾಕ್ಟರಿಗೆ ಬಾಟಲಿಗಳನ್ನು ಬೇಕಂತಲೇ ತೋರಿಸಿದೆ. ಮೊದಲೆಲ್ಲ 14ನೇ ದಿನದ ಹೊತ್ತಿಗೆ ದಿನಕ್ಕೆ 500 ಮಿಲಿ ಮುಟ್ಟುವವರು ಹತ್ತರಲ್ಲಿ ಒಬ್ಬರೋ ಇಬ್ಬರೋ. ಈಗ ಅರ್ಧದಷ್ಟು ಜನ ಅನ್ನಬಹುದು. ಸರಿಯಾದ ಲೆಕ್ಕ ಕೇಳಬೇಡಿ, ಹಳೆಯ ನೋಟ್‌ಬುಕ್ ನೀರಿಗೆ ಬಿದ್ದು ಹಾಳಾಯಿತು.

ನಡುವೆ ಏನೇನೋ ಮಾಡಿ ನೋಡಿದೆ. ಮಗುವಿನ ಅಳು ರೆಕಾರ್ಡ್ ಮಾಡಿ ಕೇಳಿಸೋಣ ಅಂತ ಹೊರಟೆ. ಉಸಿರಾಟಕ್ಕೆ ಟ್ಯೂಬ್ ಹಾಕಿದ ಮಗುವಿಗೆ ಅಳುವ ದನಿಯೇ ಇರುವುದಿಲ್ಲ ಅನ್ನುವುದು ಫೋನ್ ಹಿಡಿದು ನಿಂತ ಮೇಲೆ ತಲೆಗೆ ಹೋಯಿತು. ಮೂವತ್ತು ವರ್ಷದ ಸರ್ವೀಸ್ ಬೇರೆ! ದನಿ ಇದ್ದ ಒಂದು ಮಗುವಿನದು ಕೇಳಿಸಿದರೆ, ತಾಯಿ ಪಂಪ್ ಕಿತ್ತಿಟ್ಟು ಅತ್ತಳು. ಅಲ್ಲಿಗೆ ಬಿಟ್ಟೆ. ಬಾಟಲಿಗೆ ಕಾಲುಚೀಲ ತೊಡಿಸಿ ಒಳಗೇನಿದೆ ಕಾಣದಂತೆ ಮಾಡಿದ್ದು ಮಾತ್ರ ಚೆನ್ನಾಗಿ ಕೆಲಸ ಮಾಡಿತು. ಸ್ವಲ್ಪ ಹೊತ್ತು ಪಂಪ್, ಸ್ವಲ್ಪ ಬಿಡುವು, ಮತ್ತೆ ಪಂಪ್ ಅನ್ನುವ ಪವರ್ ಪಂಪಿಂಗ್ ಎಲ್ಲರಿಗೂ ಹೇಳಿ ಕೆಟ್ಟೆ. ಎಂಟು ಮನೆಯೇ ತುಂಬದವರಿಗೆ ಅದು ಸುಮ್ನೆ ಸುಸ್ತು.

ಎಲ್ಲಕ್ಕಿಂತ ಜಾಸ್ತಿ ಹಾಲು ಬರುವುದು ಮಗುವನ್ನು ಬರಿಯ ಎದೆಗೆ ಅಪ್ಪಿ ಹಿಡಿಯುವ ಕಾಂಗರೂ ಆರೈಕೆ ಮುಗಿಸಿ, ಎದೆ ಇನ್ನೂ ಬೆಚ್ಚಗಿರುವಾಗಲೇ ಕೂತರೆ. ಅದಕ್ಕೇ ಆ ಮೆತ್ತನೆಯ ಕುರ್ಚಿ ಈಗ ಇನ್‌ಕ್ಯುಬೇಟರಿನ ಪಕ್ಕದಲ್ಲಿದೆ. ಪರದೆಯ ಕೋಣೆಯಲ್ಲಿ ಕಿಟ್ ಒಣಗುತ್ತವೆ. ಈ ವರ್ಷದ ಜಗಳ ಎರಡನೇ ಫ್ರೀಜರಿಗೆ. ಇರುವುದರಲ್ಲಿ ಬಾಟಲಿ ಇಡಲು ಜಾಗ ಇಲ್ಲ.