ಅಂಬಾಸಿಡರ್ ಹಿಂದಿನ ಪ್ಲೇಟು: ನಟ್ಟು ಯಾವಾಗ ಬಿಗಿಯಬೇಕು?

ಹಳೆ ಅಂಬಾಸಿಡರ್ ಇಟ್ಟುಕೊಂಡ ಮೈಸೂರಿನವರ ದೂರು ಸಾಮಾನ್ಯವಾಗಿ ಒಂದೇ. "ಬುಷ್ ಹಾಕಿಸಿ ಮೂರು ತಿಂಗಳಾಗಿಲ್ಲ, ಹಂಪ್ ಹತ್ತಿದರೆ ಹಿಂದೆ ಕಿರ್ ಅನ್ನುತ್ತೆ." ಕಾರಿನ ಹಿಂಭಾಗ ಹೊರುವ ಸ್ಪ್ರಿಂಗಿನ ಉಕ್ಕಿನ ಪಟ್ಟಿಗಳೇ ಪ್ಲೇಟು, ಅದರ ತುದಿಯ ಕಣ್ಣಿನೊಳಗೆ ಕೂರುವ ರಬ್ಬರ್ ಕೊಳವೆಯೇ ಬುಷ್. ನಮ್ಮ ಭಾವ ಹೀಗೇ ಎರಡು ಸೆಟ್ ಬುಷ್ ಹಾಳು ಮಾಡಿದರು. ತಪ್ಪು ಬುಷ್‌ನದಲ್ಲ, ನಟ್ಟು ಬಿಗಿದ ಹೊತ್ತಿನದು.

ಮೊದಲು ಮುಂದಿನ ಚಕ್ರಕ್ಕೆ ಅಡ್ಡ ಕೊಡಿ. ಹಿಂದೆ ಜಾಕಿ ಎತ್ತಿ, ಬಾಡಿ ಕೆಳಗೆ ಸ್ಟ್ಯಾಂಡ್ ಇಡಿ. ಇಟ್ಟಿಗೆ ಬೇಡವೇ ಬೇಡ. ಒಂದು ಬದಿ ಪೂರ್ತಿ ಮುಗಿಯುವ ತನಕ ಇನ್ನೊಂದು ಬದಿ ಮುಟ್ಟಬೇಡಿ. ಮುಂದಿನ ಸಸ್ಪೆನ್ಷನ್ ಸುದ್ದಿಗಂತೂ ಹೋಗಬೇಡಿ. ಹಳೆ ಮಾಡೆಲ್‌ಗಳಲ್ಲಿ ಅಲ್ಲಿರುವುದು ಟಾರ್ಷನ್ ಬಾರ್. ತಿರುಚಿಕೊಂಡು ನಿಂತ ಉಕ್ಕಿನ ಸರಳು ಅದು, ಗೊತ್ತಿಲ್ಲದೆ ಬಿಚ್ಚಿದರೆ ಕೈ ಮುರಿಯುತ್ತೆ.

ಪ್ಲೇಟನ್ನು ಆಕ್ಸಲ್‌ಗೆ, ಅಂದರೆ ಹಿಂದಿನ ಚಕ್ರಗಳ ಅಚ್ಚಿಗೆ, ಹಿಡಿದಿಡುವ ಯು ಬೋಲ್ಟ್, ಹಿಂದಿನ ತುದಿಯನ್ನು ತೂಗುಹಾಕುವ ಶಾಕಲ್ ಬಿಚ್ಚಿ ಪ್ಲೇಟಿನ ಸೆಟ್ ಇಳಿಸಿ. ಪ್ಲೇಟುಗಳನ್ನು ನಡುವೆ ಪೋಣಿಸಿರುವ ಸೆಂಟರ್ ಬೋಲ್ಟ್ ತೆಗೆಯುವ ಮುಂಚೆ ಎರಡು ಕಡೆ ಕ್ಲ್ಯಾಂಪ್ ಹಾಕಿ, ಇಲ್ಲದಿದ್ದರೆ ಪ್ಲೇಟುಗಳು ಚಿಮ್ಮುತ್ತವೆ. ತುಕ್ಕು ಉಜ್ಜಿ, ಬಿರುಕು ನೋಡಿ, ಗ್ರಾಫೈಟ್ ಗ್ರೀಸ್ ಸವರಿ ಜೋಡಿಸಿ. ಪ್ಲೇಟು ಕುಸಿದಿದ್ದರೆ ಮಂಡ್ಯದ ಕಡೆ ಕಬ್ಬಿನ ಟ್ರೇಲರ್ ಪ್ಲೇಟು ಬಡಿಯುವವರು ಸಿಗುತ್ತಾರೆ. ಸುಮ್ನೆ ಕೆಂಪಗೆ ಕಾಯಿಸಿ ಬಗ್ಗಿಸಿದರೆ ಉಕ್ಕಿನ ಹದ ಹೋಗಿ ಮತ್ತೆ ಕುಸಿಯುತ್ತೆ. ತಣ್ಣಗೇ ಬಡಿಯಲು ಹೇಳಿ.

ಬುಷ್ ರಬ್ಬರ್‌ದೇ ಇರಲಿ. ಗಟ್ಟಿ ಪ್ಲಾಸ್ಟಿಕ್‌ನಂಥ ಪಾಲಿಯೂರಿಥೇನ್ ಹಾಕಿದರೆ ಅಂಬಾಸಿಡರ್‌ನ ಆ ತೂಗುವ ಸುಖವೇ ಹೋಗುತ್ತೆ. ಕಾರಿನ ತಯಾರಿಕೆ 2014ರಲ್ಲೇ ನಿಂತಿದೆ, ಅಂಗಡಿಯಲ್ಲಿ ಕಳಪೆ ಮಾಲು ಜಾಸ್ತಿ. ಕೈಯಲ್ಲಿ ತಿರುಚಿದಾಗಲೇ ಸೀಳು ಕಾಣುವ ರಬ್ಬರನ್ನು ಅಲ್ಲೇ ವಾಪಸ್ ಕೊಡಿ. ಒಳಗೆ ಜಾರಿಸಲು ಸೋಪಿನ ನೀರು ಸಾಕು. ಗ್ರೀಸ್ ಹಚ್ಚಿದರೆ ರಬ್ಬರ್ ಊದುತ್ತೆ.

ಇನ್ನು ಎಲ್ಲರೂ ಎಡವುವ ಜಾಗ. ಸೆಟ್ ಮೇಲೆತ್ತಿ. ಸೆಂಟರ್ ಬೋಲ್ಟ್‌ನ ತಲೆ ಆಕ್ಸಲ್ ಪ್ಯಾಡಿನ ತೂತಿನಲ್ಲಿ ಸರಿಯಾಗಿ ಕೂತಿದೆಯಾ ಅಂತ ಬೆರಳಿಟ್ಟು ನೋಡಿ. ಹೊಸ ಯು ಬೋಲ್ಟ್ ಹಾಕಿ, ನಾಲ್ಕೂ ನಟ್ಟುಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಆದರೆ ಹ್ಯಾಂಗರ್ (ಪ್ಲೇಟಿನ ಮುಂದಿನ ತುದಿ ಹಿಡಿಯುವ ಬ್ರಾಕೆಟ್), ಶಾಕಲ್ ನಟ್ಟುಗಳನ್ನು ಕೈಬಿಗಿಗೇ ಬಿಡಿ, ಸ್ಪಾನರ್ ಹಾಕಬೇಡಿ. ಯಾಕೆ? ಬುಷ್ ಉರುಳುವುದಿಲ್ಲ, ರಬ್ಬರ್ ತಿರುಚಿಕೊಂಡೇ ಕೆಲಸ ಮಾಡುತ್ತೆ. ಆಕ್ಸಲ್ ನೇತಾಡುವಾಗ ಬಿಗಿದರೆ, ಕಾರು ಇಳಿಸಿದ ಕೂಡಲೇ ರಬ್ಬರ್ ಅರ್ಧ ತಿರುಚಿರುತ್ತೆ. ಮೇಲೊಂದು ಗುಂಡಿ ಬಿತ್ತು ಅಂದರೆ ಹರಿಯಿತು, ಅಲ್ವಾ?

ಅದಕ್ಕೇ ಚಕ್ರ ಹಾಕಿ ಕಾರನ್ನು ನೆಲಕ್ಕಿಳಿಸಿ. ಡಿಕ್ಕಿ ಮೇಲೆ ನಾಲ್ಕು ಸಲ ಅದುಮಿ ಬಿಡಿ, ಸೆಟ್ ತನ್ನ ಜಾಗಕ್ಕೆ ಕೂರಲಿ. ಆಮೇಲೆ ಕಾರಿನಡಿ ಹೋಗಿ ಆ ಹ್ಯಾಂಗರ್, ಶಾಕಲ್ ನಟ್ಟುಗಳನ್ನು ಬಿಗಿಯಿರಿ. ಕೆಳಗೆ ನುಸುಳಲು ಜಾಗ ಸಾಲದಿದ್ದರೆ ಸ್ಟ್ಯಾಂಡನ್ನು ಬಾಡಿಯ ಬದಲು ಆಕ್ಸಲ್ ಕೆಳಗೆ ಕೊಡಿ, ಆಗಲೂ ಭಾರ ಪ್ಲೇಟಿನ ಮೇಲೇ ಇರುತ್ತೆ. ಭಾವನಿಗೆ ಇದನ್ನು ಒಪ್ಪಿಸಲು ನನಗೆ ಒಂದು ಭಾನುವಾರ ಹಿಡಿಯಿತು.

ಇನ್ನೊಂದು ಬದಿಗೂ ಇದೇ ಕ್ರಮ. ಮುಗಿದ ಮೇಲೆ ಮಂಡ್ಯಕ್ಕೆ ಒಂದು ಸಲ ಹೋಗಿ ಬನ್ನಿ, ಹೆಚ್ಚು ಕಡಿಮೆ 90 ಕಿ.ಮೀ. ಆಗುತ್ತೆ. ಬಂದು ಯು ಬೋಲ್ಟ್‌ಗೆ ಮತ್ತೆ ಸ್ಪಾನರ್ ಹಾಕಿ ನೋಡಿ. ಕಾಲು ಸುತ್ತಾದರೂ ತಿರುಗುತ್ತೆ.