ಹಲ್ಲಿನ ಬುಡದಲ್ಲಿ ಕೀವು: ನೋವು ನಿಂತರೂ ಬಂದು ತೋರಿಸಿ

ಮುಂಬೈ ಹತ್ತಿರದ ಡೊಂಬಿವಲಿಯ ನನ್ನ ದಂತ ಕ್ಲಿನಿಕ್ಕಿಗೆ ಮಧ್ಯಾಹ್ನ ಮೂರರಿಂದ ಐದರೊಳಗೆ ಬರುವವರು ಹೆಚ್ಚಾಗಿ ಇಲ್ಲಿನ ಹೋಟೆಲುಗಳಲ್ಲಿ ದುಡಿಯುವ ನಮ್ಮ ಕಡೆಯ ಜನ. ಊಟದ ಗಲಾಟೆ ಮುಗಿದು ಸಂಜೆಯ ತಿಂಡಿ ಶುರುವಾಗುವ ಮುಂಚೆ ಅವರಿಗೆ ಸಿಗುವ ಬಿಡುವು ಅಷ್ಟೇ. ಹೋದ ಮಳೆಗಾಲದಲ್ಲಿ ಕುಂದಾಪುರ ಕಡೆಯ ಒಬ್ಬ ಹುಡುಗ, ದೋಸೆ ಕಾವಲಿಯ ಮುಂದೆ ನಿಲ್ಲುವವನು, ಕೆನ್ನೆಗೆ ಟವೆಲ್ ಒತ್ತಿಕೊಂಡು ಬಂದ. ಎಡ ಕೆಳದವಡೆ ನಿಂಬೆಹಣ್ಣಿನಷ್ಟು ಊದಿತ್ತು, ಮೈ ಬಿಸಿಯಿತ್ತು. "ಮೂರು ವಾರದ ಹಿಂದೆ ಜೀವ ಹೋಗುವಷ್ಟು ನೋವಿತ್ತು ಡಾಕ್ಟ್ರೇ. ಮೆಡಿಕಲ್‌ನವರು ಗುಳಿಗೆ ಕೊಟ್ರು. ನೋವು ಹೋಯ್ತಲ್ಲ, ಇನ್ನೆಂತ ಇಲ್ಲ ಅಂದ್ಕೊಂಡೆ" ಅಂದ.

ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹುಳುಕು ಹಲ್ಲಿನೊಳಗಿನ ನರಕ್ಕೆ ಮುಟ್ಟಿದಾಗ ಬಿಸಿ ಚಹಾ ತಾಗಿದರೂ ತಡೆಯಲಾಗುವುದಿಲ್ಲ. ಕೆಲವು ದಿನಗಳಲ್ಲಿ ನರ ಸಾಯುತ್ತದೆ, ನೋವೂ ನಿಲ್ಲುತ್ತದೆ. ಬ್ಯಾಕ್ಟೀರಿಯಾಗಳಂತೂ ಕೆಲಸ ನಿಲ್ಲಿಸುವುದಿಲ್ಲ. ಬೇರಿನ ತುದಿಯಿಂದ ದವಡೆ ಮೂಳೆಗೆ ಇಳಿದು ಅಲ್ಲಿ ಕೀವು ಕಟ್ಟಿಸುತ್ತವೆ.

ಕೀವು ತುಂಬಿದ ಹಲ್ಲು ಉಳಿದವುಗಳಿಗಿಂತ ಎತ್ತರಕ್ಕೆ ಎದ್ದಂತೆ ಅನಿಸುತ್ತದೆ, ಕಚ್ಚಿದರೆ ಮೊದಲು ಅದೇ ತಾಗಿ ನೋಯುತ್ತದೆ. ರಾತ್ರಿ ಮಲಗಿದಾಗ ನಾಡಿಯ ಹಾಗೆ ಮಿಡಿಯುತ್ತದೆ. ವಸಡಿನಲ್ಲಿ ಮೊಡವೆಯಂಥ ಗುಳ್ಳೆ ಎದ್ದು, ಒಡೆದು, ಬಾಯಲ್ಲಿ ಕೆಟ್ಟ ರುಚಿ ಬಿಟ್ಟು, ವಾರದಲ್ಲಿ ಮತ್ತೆ ತುಂಬಿಕೊಳ್ಳುತ್ತಿದ್ದರೆ ಅದೇ ಕೀವಿನ ದಾರಿ. ನೋವಿಲ್ಲದಿದ್ದರೂ ಬನ್ನಿ.

ಯಾವ ಹಲ್ಲು ಎಂದು ಗುರುತಿಸುವುದರಲ್ಲೇ ಅರ್ಧ ಚಿಕಿತ್ಸೆ ಇದೆ. ರೋಗಿ ತೋರಿಸಿದ ಹಲ್ಲೇ ಕಾರಣ ಎಂದು ನಾನು ನಂಬುವುದಿಲ್ಲ. ಕನ್ನಡಿಯ ಹಿಡಿಕೆಯಿಂದ ಒಂದೊಂದೇ ಹಲ್ಲನ್ನು ಮೆಲ್ಲಗೆ ತಟ್ಟುತ್ತ ಬಂದೆ. ಎಡಗಡೆಯ ಮೊದಲ ದವಡೆ ಹಲ್ಲಿಗೆ ಬಂದಾಗ ಹುಡುಗ ಕುರ್ಚಿಯ ಕೈ ಗಟ್ಟಿ ಹಿಡಿದ. ಆಮೇಲೆ ತಣ್ಣಗೆ ಮಾಡಿದ ಹತ್ತಿ ಮುಟ್ಟಿಸಿದರೆ ಪಕ್ಕದ ಹಲ್ಲು ಝುಂ ಅಂದಿತು, ಇದಕ್ಕೆ ಏನೂ ಗೊತ್ತಾಗಲಿಲ್ಲ. ನರ ಸತ್ತಿದೆ ಅಂತ ಅರ್ಥ. ಎಕ್ಸ್‌ರೇಯಲ್ಲಿ ಬೇರಿನ ತುದಿಗೆ ಕಪ್ಪು ನೆರಳು ಕಂಡಿತು. ಸೋಂಕು ಹೊಸದಾಗಿದ್ದರೆ ಈ ನೆರಳು ಕಾಣದೆಯೂ ಇರಬಹುದು. ಹಾಗಾಗಿ ಎಕ್ಸ್‌ರೇ ಒಂದನ್ನೇ ನೆಚ್ಚಿಕೊಳ್ಳುವಂತಿಲ್ಲ. ಹಲ್ಲು ಜೀವಂತವಿದ್ದು ವಸಡಿನ ಸಂದಿಯಲ್ಲಿ ಕೀವಿದ್ದರೆ ಅದು ವಸಡಿನ ಬಾವು. ಅದಕ್ಕೆ ಸಂದಿಯನ್ನೇ ಸ್ವಚ್ಛ ಮಾಡಬೇಕು.

ಚಿಕಿತ್ಸೆಯ ಮೊದಲ ಮಾತು ಒಂದೇ: ಕೀವು ಹೊರಗೆ ಬರಬೇಕು. ಹುಡುಗನ ಹಲ್ಲನ್ನು ಮೇಲಿಂದ ಕೊರೆದು ತೆರೆದೆ. ಹಳದಿ ಕೀವು ಉಕ್ಕಿತು, ಹಿಂದೆಯೇ ರಕ್ತ ಬೆರೆತದ್ದು ಬಂತು. ಬಿಗಿಹಿಡಿದಿದ್ದ ಅವನ ಭುಜ ಅಲ್ಲೇ ಸಡಿಲವಾಯಿತು. ವಸಡಿನಲ್ಲಿ ಮೆತ್ತಗೆ ಉಬ್ಬಿದ್ದರೆ ಅಲ್ಲಿ ಸಣ್ಣದಾಗಿ ಕೊಯ್ದು ಬಿಡುತ್ತೇವೆ. ನಂತರ ರೂಟ್ ಕೆನಾಲ್ (ಸತ್ತ ನರ ತೆಗೆದು, ಬೇರಿನೊಳಗೆ ಸ್ವಚ್ಛ ಮಾಡಿ ತುಂಬುವುದು), ಇಲ್ಲವೇ ಹಲ್ಲು ಕೀಳುವುದು. ಮೂರನೇ ದಾರಿ ಇಲ್ಲ. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ ಎಂಬ ಹೆದರಿಕೆ ಬಿಟ್ಟುಬಿಡಿ, ಅದು ಸುಳ್ಳು.

ಆಂಟಿಬಯಾಟಿಕ್ ಗುಳಿಗೆ ರಕ್ತದ ಮೂಲಕ ಹೋಗುವಂಥದ್ದು. ಸತ್ತ ನರದೊಳಗೆ ರಕ್ತವೇ ಹರಿಯುವುದಿಲ್ಲ, ಔಷಧಿ ತಲುಪುವುದು ಹೇಗೆ? ಬಾವು ಇಳಿದಂತೆ ಕಾಣುತ್ತದೆ, ಮೂಲ ಅಲ್ಲೇ ಉಳಿಯುತ್ತದೆ. ಜ್ವರ, ಹರಡುವ ಬಾವು, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಇದ್ದವರಿಗೆ ಕೊಡುತ್ತೇನೆ. ಹುಡುಗನಿಗೂ ಕೊಟ್ಟೆ: ಅಮಾಕ್ಸಿಸಿಲಿನ್ 500 ಮಿಲಿಗ್ರಾಂ, ದಿನಕ್ಕೆ ಮೂರು ಸಲ, ಮೂರನೇ ದಿನ ಬಂದು ತೋರಿಸಬೇಕು ಎಂದು. ಇದು ಪೆನಿಸಿಲಿನ್ ಜಾತಿಯ ಔಷಧಿ, ಪೆನಿಸಿಲಿನ್ ಅಲರ್ಜಿ ಇದ್ದರೆ ಅಪಾಯ. ಆದ್ದರಿಂದ ಅಂಗಡಿಯಲ್ಲಿ ಕೇಳಿ ನುಂಗಬೇಡಿ. ಮೆಟ್ರೊನಿಡಜೋಲ್ ಎಂಬ ಇನ್ನೊಂದು ಆಂಟಿಬಯಾಟಿಕ್ ಬರೆದುಕೊಟ್ಟಿದ್ದರೆ ಆ ದಿನಗಳಲ್ಲಿ ಮದ್ಯ ಮುಟ್ಟಬೇಡಿ.

ಕ್ಲಿನಿಕ್ ತಲುಪುವವರೆಗೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸಿ. ಕೆನ್ನೆಗೆ ಹೊರಗಿನಿಂದ ಬಿಸಿ ಶಾಖ ಕೊಡಬೇಡಿ. ನೋವಿನ ಗುಳಿಗೆಯನ್ನು ವಸಡಿಗೆ ಇಟ್ಟುಕೊಂಡು ಅಲ್ಲಿನ ಚರ್ಮ ಬೆಳ್ಳಗೆ ಸುಟ್ಟುಕೊಂಡು ಬಂದವರನ್ನು ನೋಡಿದ್ದೇನೆ. ಮಿಶ್ರಿ (ಹುರಿದ ತಂಬಾಕಿನ ಪುಡಿ) ಒತ್ತುವುದೂ ಬೇಡ. ಪ್ಯಾರಾಸಿಟಮಾಲ್ ಸಾಕು. ಐಬುಪ್ರೊಫೇನ್ ಇನ್ನೂ ಚೆನ್ನಾಗಿ ಹಿಡಿಯುತ್ತದೆ, ಆದರೆ ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ಇದ್ದವರಿಗೆ, ಬಸುರಿಯರಿಗೆ ಬೇಡ.

ಇದನ್ನು ಮಾತ್ರ ಮನೆಯವರೆಲ್ಲರಿಗೂ ಹೇಳಿಡಿ. ಬಾಯಿ ಎರಡು ಬೆರಳಿನಷ್ಟೂ ತೆರೆಯದಿದ್ದರೆ, ಉಗುಳು ನುಂಗಲಾಗದೆ ಸುರಿಯುತ್ತಿದ್ದರೆ, ನಾಲಿಗೆ ಮೇಲಕ್ಕೆ ಎತ್ತಿಕೊಂಡಿದ್ದರೆ, ಗದ್ದದ ಕೆಳಗೆ ಎರಡೂ ಕಡೆ ಗಟ್ಟಿಯಾಗಿ ಊದಿದ್ದರೆ, ಸ್ವರ ಬದಲಾಗಿದ್ದರೆ, ಇಲ್ಲವೇ ಕಣ್ಣು ಮುಚ್ಚುವಷ್ಟು ಬಾವು ಏರಿದ್ದರೆ ನನ್ನಂಥವರ ಕ್ಲಿನಿಕ್ಕಿಗೆ ಬಂದು ಹೊತ್ತು ಕಳೆಯಬೇಡಿ. ಉಸಿರಿನ ದಾರಿ ಮುಚ್ಚಿಹೋಗಬಹುದು. 108ಕ್ಕೆ ಫೋನ್ ಮಾಡಿ ನೇರ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಜೀವಕ್ಕೆ ಅಪಾಯವಿಲ್ಲ, ಖರ್ಚಿನದೇ ಚಿಂತೆ ಎನ್ನುವವರಿಗೆ ಮುಂಬೈ ಸೆಂಟ್ರಲ್‌ನ ನಾಯರ್ ದಂತ ಆಸ್ಪತ್ರೆ, ಸಿಎಸ್‌ಎಂಟಿ ರೈಲು ನಿಲ್ದಾಣದ ಬಳಿಯ ಸರಕಾರಿ ದಂತ ಕಾಲೇಜು ಇವೆ. ಬೆಳಿಗ್ಗೆ ಬೇಗ ಹೋಗಿ.

ಕೀವು ಹೋದ ಮೇಲೆ ಎರಡನೇ ಸಿಟಿಂಗ್‌ಗೆ ಬಾರದೆ ಉಳಿಯುವವರು ಬಹಳ. ತಾತ್ಕಾಲಿಕ ಫಿಲ್ಲಿಂಗ್ ಸವೆದು ಸೋಂಕು ಮತ್ತೆ ಒಳಗೆ ಇಳಿಯುತ್ತದೆ. ಊರಿಗೆ ಹೋಗುವ ಟಿಕೆಟ್ ಬುಕ್ ಆಗಿದ್ದರೆ ಮೊದಲ ದಿನವೇ ತಾರೀಕು ಹೇಳಿ, ಅಷ್ಟರೊಳಗೆ ಮುಗಿಯುವ ಹಾಗೆ ಸಿಟಿಂಗ್‌ಗಳನ್ನು ಹೊಂದಿಸಿಕೊಳ್ಳಬಹುದು.