ಗಲ್ಲಾಪೆಟ್ಟಿಗೆಯಲ್ಲಿ ಕಾಯಕ, ದಾಸೋಹ ಪಾಲಿಸುವುದು ಹೇಗೆ?

ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಅಂಗಡಿ ಇರಲಿ, ಗದಗಿನಲ್ಲಿ ಕಿರಾಣಿ ವ್ಯಾಪಾರ ಇರಲಿ, ಮೊದಲು ಗಲ್ಲಾದ ದುಡ್ಡು ಬೇರೆ, ಮನೆಯ ದುಡ್ಡು ಬೇರೆ ಮಾಡಿ. ನಿಮಗೂ ತಿಂಗಳಿಗೆ ಇಷ್ಟು ಅಂತ ಪಗಾರ ಬರೆದುಕೊಳ್ಳಿ, ಸುಮ್ನೆ ಕೈ ಹಾಕಿ ತೆಗೆಯುತ್ತಾ ಹೋದರೆ ತಿಂದಿದ್ದು ಲಾಭವೋ ಬಂಡವಾಳವೋ ಗೊತ್ತೇ ಆಗುವುದಿಲ್ಲ. ದಾಸೋಹದ ಪಾಲನ್ನು ಅವತ್ತವತ್ತೇ ಬೇರೆ ಡಬ್ಬಿಗೆ ಹಾಕಿ. ತಿಂಗಳ ಕೊನೆಗೆ ನೋಡೋಣ ಅಂದರೆ ಏನೂ ಉಳಿಯುವುದಿಲ್ಲ, ಅಲ್ವಾ?

ಕೆಲಸದವರ ಪಗಾರ ಬಾಕಿ ಇಟ್ಟು ಮಠಕ್ಕೆ ದೇಣಿಗೆ ಕೊಟ್ಟರೆ ಅದು ದಾಸೋಹ ಅಲ್ಲ ಅಂತ ನನ್ನ ಲೆಕ್ಕ. ಬಿದ್ದ ಅಕ್ಕಿ ಆಯ್ದು ತರುವುದನ್ನೇ ಕಾಯಕ ಮಾಡಿಕೊಂಡಿದ್ದ 12ನೇ ಶತಮಾನದ ಶರಣ ಆಯ್ದಕ್ಕಿ ಮಾರಯ್ಯ ಒಂದು ದಿನ ಜಾಸ್ತಿ ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಹೆಂಡತಿ ಲಕ್ಕಮ್ಮ ವಾಪಸ್ ಕಳಿಸಿದಳಂತೆ. ಅದು ದಾಸೋಹಕ್ಕೆಂದೇ ತಂದ ಅಕ್ಕಿ!

ಕಾಯಕ ಅಂದರೆ ಪ್ರಾಮಾಣಿಕ ದುಡಿಮೆ, ಹಾಗಾಗಿ ತಕ್ಕಡಿ ಮರೆಯಬೇಡಿ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನ ಇಲಾಖೆಯ ಮುದ್ರೆ ಹಾಕಿಸಲೇಬೇಕು.